ಆ ಪಾತ್ರವನ್ನು ಬೇರೆಯವರು ಮಾಡಿದ್ದರೆ? – ಬಾಷಾ, ಕೋಟಿಗೊಬ್ಬ ಮತ್ತು ಗಡಿಯ ಪ್ರೇಕ್ಷಕರು



ಸಿನಿಮಾ ಮಾತು ಬಂದಲ್ಲೆಲ್ಲ ಒಂದು ಪ್ರಶ್ನೆ ಏಳುತ್ತದೆ: "ಆ ಪಾತ್ರವನ್ನು ಇವರು ಮಾಡುವ ಬದಲು ಅವರು ಮಾಡಿದ್ದರೆ ಹೇಗಿರುತ್ತಿತ್ತು?" ಬೇರೆ ಊರಿನವರಿಗೆ ಇದು ಹೊತ್ತು ಕಳೆಯುವ ಊಹೆ. ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆ, ಕೃಷ್ಣಗಿರಿ ಕಡೆಯ ನಮಗೆ ಅದು ಬರೀ ಊಹೆ ಅಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಎಂದು ಬೆಳೆದವರು ನಾವು. ಒಂದೇ ಕತೆ, ಒಂದೇ ಪಾತ್ರ, ಎರಡು ಭಾಷೆ, ಇಬ್ಬರು ನಟರು: ಇದನ್ನು ಕಣ್ಣಾರೆ ನೋಡಿದವರು. ರಜನಿಕಾಂತ್ ಅವರ ಬಾಷಾನನ್ನೂ ಕಂಡಿದ್ದೇವೆ, ಅದೇ ಕತೆಯಲ್ಲಿ ವಿಷ್ಣುವರ್ಧನ್ ಅವರನ್ನೂ ಕಂಡಿದ್ದೇವೆ.

ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಇಷ್ಟೇ. ಸಾಹಸ ಚಿತ್ರದ ನಾಯಕನ ಪಾತ್ರಕ್ಕೆ ನಟನನ್ನು ಆರಿಸುವಾಗ, ಅವರ ಮುಖ ಮತ್ತು ಮೈಕಟ್ಟಿನ ಜೊತೆಗೆ ಆ ನಟರ ಬಗ್ಗೆ ಪ್ರೇಕ್ಷಕರ ಮನಸ್ಸಿನಲ್ಲಿ ಈಗಾಗಲೇ ಕುಳಿತಿರುವ ನೆನಪೂ ಪಾತ್ರದೊಳಗೆ ಬರುತ್ತದೆ. ನಟ ಬದಲಾದರೆ ಆ ನೆನಪು ಬದಲಾಗುತ್ತದೆ. ನೆನಪು ಬದಲಾದರೆ ಕತೆಯ ಅರ್ಥವೂ ಬದಲಾಗುತ್ತದೆ. ಕೆಲವು ಚಿತ್ರಗಳನ್ನು ಮುಂದಿಟ್ಟುಕೊಂಡು ಇದನ್ನು ನೋಡೋಣ.

ರಾಮನಗರದ ಗಬ್ಬರ್

ಮೊದಲು ಎಲ್ಲರಿಗೂ ಗೊತ್ತಿರುವ ಉದಾಹರಣೆ. 1975ರ ಆಗಸ್ಟ್ 15ರಂದು ಬಿಡುಗಡೆಯಾದ 'ಶೋಲೆ' ಹಿಂದಿ ಚಿತ್ರವಾದರೂ ಅದರ ಬಂಡೆಗಳು ನಮ್ಮ ಪಕ್ಕದವು. ರಮೇಶ್ ಸಿಪ್ಪಿ ರಾಮನಗರದ ಬೆಟ್ಟಗಳ ನಡುವೆ ರಾಮಗಢ ಎಂಬ ಊರನ್ನೇ ಕಟ್ಟಿಸಿ, 1973ರ ಅಕ್ಟೋಬರಿನಲ್ಲಿ ಚಿತ್ರೀಕರಣ ಶುರು ಮಾಡಿದರು.

ಗಬ್ಬರ್ ಸಿಂಗ್ ಪಾತ್ರಕ್ಕೆ ಮೊದಲು ಗೊತ್ತಾಗಿದ್ದವರು ಡ್ಯಾನಿ ಡೆನ್‌ಜೊಂಗ್ಪ. ಆದರೆ ಅವರು ಫಿರೋಜ್ ಖಾನ್ ಅವರ 'ಧರ್ಮಾತ್ಮ' ಚಿತ್ರಕ್ಕೆ ಒಪ್ಪಿಕೊಂಡಿದ್ದರು. ಅದರ ಚಿತ್ರೀಕರಣ ಅಫ್ಘಾನಿಸ್ತಾನದಲ್ಲಿತ್ತು. ದಿನಾಂಕ ಹೊಂದಲಿಲ್ಲ. ಆ ಜಾಗಕ್ಕೆ ಬಂದವರು ಅಮ್ಜದ್ ಖಾನ್. ನಾಟಕದಲ್ಲಿ ಪಳಗಿದವರು, ಆದರೆ ಸಿನಿಮಾ ಪ್ರೇಕ್ಷಕರ ಮಟ್ಟಿಗೆ ಹೆಚ್ಚುಕಡಿಮೆ ಹೊಸಬರು. ಅವರ ಧ್ವನಿ ಈ ಪಾತ್ರಕ್ಕೆ ಸಾಲದು ಎಂಬ ಅನುಮಾನ ಚಿತ್ರತಂಡದಲ್ಲೇ ಇತ್ತು. ಕೊನೆಗೆ ಅದೇ ಧ್ವನಿಯ ಸಂಭಾಷಣೆಗಳ ರೆಕಾರ್ಡುಗಳು ಹಾಡುಗಳಂತೆ ಮಾರಾಟವಾದವು.

ಡ್ಯಾನಿ ಮಾಡಿದ್ದರೆ? ಅವರು ಒಳ್ಳೆಯ ನಟ, ಪಾತ್ರ ಕೆಡುತ್ತಿರಲಿಲ್ಲ. ಆದರೆ 1973ರ 'ಧುಂದ್' ಚಿತ್ರದ ಕ್ರೂರ ಗಂಡನಾಗಿ ಜನ ಅವರನ್ನು ಆಗಲೇ ನೋಡಿದ್ದರು. "ಓಹೋ, ಖಳನಾಯಕ ಬಂದ" ಎಂದು ಪ್ರೇಕ್ಷಕರು ಮೊದಲೇ ಸಿದ್ಧರಾಗುತ್ತಿದ್ದರು. ಅಮ್ಜದ್ ಬಂಡೆಯ ಮೇಲೆ ಬೆಲ್ಟು ಎಳೆದುಕೊಂಡು ನಡೆದಾಗ ಆ ಸಿದ್ಧತೆ ಯಾರಿಗೂ ಇರಲಿಲ್ಲ. ಈ ಮನುಷ್ಯ ಏನು ಮಾಡುತ್ತಾನೆ ಎಂದು ತಿಳಿಯಲು ಹಿಂದಿನ ಯಾವ ಪಾತ್ರವೂ ಇರಲಿಲ್ಲ. ಆ ಹೆದರಿಕೆಯ ಒಂದು ಪಾಲು ಬಂದದ್ದು ಪ್ರೇಕ್ಷಕರ ಮನಸ್ಸಿನ ಖಾಲಿ ಜಾಗದಿಂದ.

ಇದಕ್ಕೆ ಎದುರು ಸಾಕ್ಷಿಯೂ ಉಂಟು. 2007ರಲ್ಲಿ ರಾಮ್ ಗೋಪಾಲ್ ವರ್ಮಾ ಅದೇ ಕತೆಯನ್ನು 'ಆಗ್' ಎಂಬ ಹೆಸರಿನಲ್ಲಿ ಮತ್ತೆ ತೆಗೆದರು. ಗಬ್ಬರ್‌ನ ಜಾಗದಲ್ಲಿದ್ದ ಬಬ್ಬನ್ ಸಿಂಗ್ ಆಗಿ ನಟಿಸಿದವರು ಸ್ವತಃ ಅಮಿತಾಭ್ ಬಚ್ಚನ್. ನಟನೆಯಲ್ಲಿ ಅವರಿಗೆ ಕೊರತೆ ಎಂದು ಯಾರೂ ಹೇಳಲಾರರು. ಆದರೆ ಮೂಲ ಚಿತ್ರದಲ್ಲಿ ಗೆಳೆಯನಿಗಾಗಿ ಪ್ರಾಣ ಕೊಟ್ಟ ಜೈ ಅವರೇ. ಆ ನೆನಪನ್ನು ಹೊತ್ತು ಬಂದ ಮುಖದ ಮೇಲೆ ಡಕಾಯಿತನ ಕ್ರೌರ್ಯ ನಿಲ್ಲಲಿಲ್ಲ. ಚಿತ್ರ ಸೋತದ್ದಕ್ಕೆ ಬೇರೆ ಕಾರಣಗಳೂ ಇದ್ದಾವು, ಇದೂ ಒಂದು ಎಂದು ನಮ್ಮ ಅನಿಸಿಕೆ.

ನಗದ ನಾಯಕ ನಗುವಂತಾದ ಬಗೆ

ಈಗ ತಮಿಳಿನ ಕಡೆಗೆ ಬರೋಣ. ಸಲೀಂ–ಜಾವೇದ್ ಬರೆದು, ಪ್ರಕಾಶ್ ಮೆಹ್ರಾ ನಿರ್ದೇಶಿಸಿದ 'ಜಂಜೀರ್' 1973ರಲ್ಲಿ ಬಂತು. ಧರ್ಮೇಂದ್ರ, ದೇವ್ ಆನಂದ್, ಹಿಂದಿಯ ರಾಜ್ ಕುಮಾರ್ ಇವರೆಲ್ಲರ ಕೈತಪ್ಪಿದ ಪಾತ್ರ ಅಮಿತಾಭ್ ಅವರಿಗೆ ಸಿಕ್ಕಿತು. ಆ ಹೊತ್ತಿಗೆ ಅವರದು ಸೋತ ಚಿತ್ರಗಳ ಸಾಲು. ಹಾಡಿ ಕುಣಿಯದ, ನಗದ, ಒಳಗೇ ಕುದಿಯುವ ಇನ್‌ಸ್ಪೆಕ್ಟರ್ ವಿಜಯ್ ಪಾತ್ರದಿಂದ ಹಿಂದಿ ಚಿತ್ರರಂಗದಲ್ಲಿ ಹೊಸ ಬಗೆಯ ನಾಯಕ ಹುಟ್ಟಿದ.

ಮರುವರ್ಷವೇ, 1974ರಲ್ಲಿ, ಆ ಕತೆ ತಮಿಳಿನಲ್ಲಿ ಎಂ.ಜಿ.ಆರ್. ಅವರಿಗಾಗಿ ಸಿದ್ಧವಾಯಿತು. ಚಿತ್ರದ ಹೆಸರು 'ಸಿರಿತ್ತು ವಾಳ ವೇಂಡುಂ'. ಅಂದರೆ ನಗುತ್ತಾ ಬಾಳಬೇಕು! ನಗುವುದನ್ನೇ ಮರೆತವನ ಕತೆಗೆ ಇಂಥ ಹೆಸರು ಏಕೆ? ಎಂ.ಜಿ.ಆರ್. 1972ರಲ್ಲಿ ತಮ್ಮದೇ ಪಕ್ಷ ಕಟ್ಟಿದ್ದರು. ಅವರ ನಗುಮುಖ ಲಕ್ಷಾಂತರ ಮನೆಗಳ ಗೋಡೆಯ ಮೇಲಿತ್ತು. ಬಡವರಿಗೆ ಭರವಸೆ ಕೊಡುವ ಆ ಮುಖ ಮೂರು ಗಂಟೆ ಗಂಟಿಕ್ಕಿಕೊಂಡು ಕೂರುವಂತಿರಲಿಲ್ಲ. ಸಾಲದ್ದಕ್ಕೆ ಹಿಂದಿಯಲ್ಲಿ ಪ್ರಾಣ್ ಮಾಡಿದ್ದ ಪಠಾಣ ಗೆಳೆಯನ ಪಾತ್ರವೂ ಪ್ರೇಕ್ಷಕರ ಮನಸ್ಸು ಗೆಲ್ಲುವಂಥದ್ದು. ತಮಿಳಿನಲ್ಲಿ ಇನ್‌ಸ್ಪೆಕ್ಟರನೂ ಎಂ.ಜಿ.ಆರ್., ಆ ಗೆಳೆಯ ರಹಮಾನನೂ ಎಂ.ಜಿ.ಆರ್.! ನಟ ಬದಲಾದಾಗ ಕತೆಯ ಗೋಡೆಗಳನ್ನೇ ಒಡೆದು ಕಟ್ಟಬೇಕಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಪ್ರೇಮದ ಕಾಣಿಕೆ, ಪೊಲ್ಲಾದವನ್

ಅದೇ ಸಲೀಂ–ಜಾವೇದ್ ಜೋಡಿ ಕನ್ನಡಕ್ಕೂ ಕತೆ ಕೊಟ್ಟಿದೆ. 1976ರ 'ಪ್ರೇಮದ ಕಾಣಿಕೆ'. ನಿರ್ದೇಶನ ವಿ. ಸೋಮಶೇಖರ್, ನಾಯಕ ಡಾ. ರಾಜಕುಮಾರ್. ಇದನ್ನು 1980ರಲ್ಲಿ ಮುಕ್ತಾ ಶ್ರೀನಿವಾಸನ್ ತಮಿಳಿಗೆ ತಂದರು, ನಾಯಕ ರಜನಿಕಾಂತ್. ಹೆಸರು 'ಪೊಲ್ಲಾದವನ್', ಅಂದರೆ ಕೆಟ್ಟವನು.

ಒಂದೇ ಕತೆಗೆ ಒಂದು ಕಡೆ 'ಪ್ರೇಮದ ಕಾಣಿಕೆ', ಇನ್ನೊಂದು ಕಡೆ 'ಕೆಟ್ಟವನು'. ರೈಲಿನಲ್ಲಿ ಒಂದು ಕೊಲೆ ನಡೆಯುತ್ತದೆ, ಅದನ್ನು ನೋಡಿದ ಹೆಣ್ಣುಮಗಳು ಕೊನೆಗೆ ಕೆಲಸಕ್ಕೆಂದು ಬಂದು ಸೇರುವುದು ಅದೇ ಮನುಷ್ಯನ ಮನೆಗೆ. ಕನ್ನಡದಲ್ಲಿ ಆ ಮನುಷ್ಯ ಅಣ್ಣಾವ್ರು. ಅವರ ಕೈಯಲ್ಲಿ ಕೊಲೆ ನಡೆದರೂ ಕನ್ನಡದ ಪ್ರೇಕ್ಷಕರು "ಏನೋ ಬಲವಾದ ಕಾರಣ ಇರಬೇಕು" ಎಂದೇ ಕುರ್ಚಿಯಲ್ಲಿ ಕೂರುತ್ತಾರೆ. ರಾಜಕುಮಾರ್ ತೆರೆಯ ಮೇಲೆ ಅನ್ಯಾಯ ಮಾಡುವುದಿಲ್ಲ ಎಂಬ ನಂಬಿಕೆ ಅಷ್ಟು ಗಟ್ಟಿ. ಪ್ರೇಕ್ಷಕರ ಕುತೂಹಲವೆಲ್ಲ ಕಾರಣದ ಮೇಲೆ.

ರಜನಿಕಾಂತ್ ಆಗ 'ಮೂನ್ರು ಮುಡಿಚ್ಚು', '16 ವಯದಿನಿಲೆ' ಚಿತ್ರಗಳ ಖಳನ ಪಾತ್ರಗಳಿಂದ ನಾಯಕನ ಪಟ್ಟಕ್ಕೆ ಏರಿ ಬಂದಿದ್ದವರು. ಅವರು ಕೊಂದರೆ, "ಇವನು ನಿಜಕ್ಕೂ ಕೆಟ್ಟವನೇ ಇರಬಹುದು" ಎಂಬ ಸಂಶಯ ಅರ್ಧ ಸಿನಿಮಾ ಜೀವಂತವಾಗಿರುತ್ತದೆ. ತಮಿಳಿನ ಹೆಸರು ಆ ಸಂಶಯವನ್ನೇ ಬಂಡವಾಳ ಮಾಡಿಕೊಂಡಿತು. ಯಾವುದು ಮೇಲು ಎಂಬ ಜಗಳ ಬೇಡ. ಎರಡೂ ತಂತಮ್ಮ ನಟರ ಬಗ್ಗೆ ಜನರಿಗೆ ಏನು ನೆನಪಿದೆ ಎಂಬುದನ್ನು ಅರಿತು ಮಾಡಿದ ಚಿತ್ರಗಳು.

ಇದೇ ಸೋಮಶೇಖರ್ ನಿರ್ದೇಶಿಸಿದ 'ಶಂಕರ್ ಗುರು' (1978) ಇನ್ನೂ ದೂರ ಹೋಯಿತು. ರಾಜಕುಮಾರ್ ಅವರ ತಂದೆ ಮತ್ತು ಇಬ್ಬರು ಮಕ್ಕಳ ಮೂರು ಪಾತ್ರಗಳನ್ನು 1979ರಲ್ಲಿ 'ತಿರಿಶೂಲಂ' ಚಿತ್ರದಲ್ಲಿ ಶಿವಾಜಿ ಗಣೇಶನ್ ಮಾಡಿದರು. ಅದು ಅವರ 200ನೇ ಚಿತ್ರ. 1983ರಲ್ಲಿ 'ಮಹಾನ್' ಎಂಬ ಹೆಸರಿನಲ್ಲಿ ಅಮಿತಾಭ್ ಮಾಡಿದರು. ತಮಿಳುನಾಡಿನ ಮಹಾನಟ ತಮ್ಮ 200ನೇ ಚಿತ್ರಕ್ಕೆ ಕನ್ನಡದ ಕತೆಯನ್ನು ಆರಿಸಿಕೊಂಡದ್ದು ನಮ್ಮ ಹುಡುಗರಿಗೆ ಗೊತ್ತಿರಬೇಕಾದ ಸಂಗತಿ. ರಿಮೇಕ್ ಎಂದರೆ ನಾವು ಬೇರೆಯವರಿಂದ ತಂದದ್ದು ಮಾತ್ರ ಎಂದುಕೊಂಡವರು ಬಹಳ ಮಂದಿ. ನಮ್ಮಿಂದ ಹೋದದ್ದೂ ಕಡಿಮೆ ಇಲ್ಲ.

ಬಾಷಾ ಒಬ್ಬ, ಕೋಟಿಗೊಬ್ಬ ಇನ್ನೊಬ್ಬ

ಈಗ ನಮ್ಮ ಜಿಲ್ಲೆಗೆ ಹತ್ತಿರದ ವಿಷಯ. ರಜನಿಕಾಂತ್ ಹುಟ್ಟಿದ್ದು 1950ರಲ್ಲಿ ಬೆಂಗಳೂರಿನಲ್ಲಿ. ಆದರೆ ಅವರ ಪೂರ್ವಿಕರ ಊರು ನಮ್ಮ ಕೃಷ್ಣಗಿರಿ ಜಿಲ್ಲೆಯ ನಾಚಿಕುಪ್ಪಂ. ಇನ್ನೊಂದು ಕಡೆ, ಕನ್ನಡದ ಕಣ್ಮಣಿ ರಾಜಕುಮಾರ್ ಅವರ ಗಾಜನೂರು ಇರುವುದು ತಾಳವಾಡಿಯ ಬಳಿ, ಇಂದಿನ ತಮಿಳುನಾಡಿನಲ್ಲಿ. ರಾಜ್ಯಗಳ ಗೆರೆ ಎಳೆಯುವಾಗ ನಟರ ಊರುಗಳನ್ನು ಯಾರೂ ಕೇಳಲಿಲ್ಲ!

ಸುರೇಶ್ ಕೃಷ್ಣ ನಿರ್ದೇಶನದ 'ಬಾಷಾ' 1995ರ ಪೊಂಗಲ್ ಹೊತ್ತಿಗೆ ಬಂತು. ಇದರ ಬೀಜ 1991ರ ಹಿಂದಿ ಚಿತ್ರ 'ಹಮ್'ನಲ್ಲಿದೆ. ಅಲ್ಲಿ ಹಳೆಯ ಬದುಕನ್ನು ಮುಚ್ಚಿಟ್ಟುಕೊಂಡ ಅಣ್ಣ ಅಮಿತಾಭ್, ಪೊಲೀಸ್ ಅಧಿಕಾರಿಯಾದ ತಮ್ಮ ರಜನಿಕಾಂತ್. ನಾಲ್ಕು ವರ್ಷದ ಬಳಿಕ ತಮಿಳಿನಲ್ಲಿ ರಜನಿ ಅಣ್ಣನ ಜಾಗಕ್ಕೆ ಬಂದರು. ಅಂದರೆ ಬಾಷಾ ಪಾತ್ರವೇ "ಬೇರೆ ನಟ ಮಾಡಿದ್ದರೆ" ಎಂಬ ಪ್ರಶ್ನೆಗೆ ಸಿಕ್ಕ ಒಂದು ಉತ್ತರ.

ಕತೆ ಎಲ್ಲರಿಗೂ ಗೊತ್ತು. ಆಟೋ ಓಡಿಸುವ ಮಾಣಿಕ್ಕಂ ಸಾಧು. ಕಂಬಕ್ಕೆ ಕಟ್ಟಿ ಹೊಡೆದರೂ ತಿರುಗಿ ಕೈ ಎತ್ತುವುದಿಲ್ಲ. ತಂಗಿಯ ಮೇಲೆ ಕೈ ಬಿದ್ದಾಗ ಮಾತ್ರ ಒಳಗಿನ ಬಾಷಾ ಎದ್ದು ನಿಲ್ಲುತ್ತಾನೆ, ಮುಂಬಯಿಯ ಹಳೆಯ ಬದುಕು ಹೊರಬರುತ್ತದೆ. ಮೊದಲರ್ಧದ ಬಲ ಇರುವುದು ಒಂದು ವಿಚಿತ್ರ ಒಪ್ಪಂದದಲ್ಲಿ: ತೆರೆಯ ಮೇಲಿರುವವರಿಗೆ ಅವನು ಯಾರೆಂದು ಗೊತ್ತಿಲ್ಲ, ಥಿಯೇಟರಿನಲ್ಲಿ ಕೂತವರಿಗೆಲ್ಲ ಗೊತ್ತು. "ಇವರು ಸೂಪರ್‌ಸ್ಟಾರ್ ಕಣಪ್ಪಾ, ಯಾವಾಗ ಹೊಡೆಯುತ್ತಾರೆ?" ಎಂದು ಕಾಯುತ್ತಾ ಕೂರುವುದೇ ಸುಖ. ಮೈಯಲ್ಲಿ ಖಾಕಿ ಅಂಗಿ ಹಾಕಿದವರು ಒಂದು ಕಾಲದಲ್ಲಿ ಬೆಂಗಳೂರಿನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು ಎಂಬುದೂ ನೋಡುವವರ ನೆನಪಿನಲ್ಲಿದೆ.

2001ರಲ್ಲಿ ನಾಗಣ್ಣ ನಿರ್ದೇಶನದಲ್ಲಿ ಇದು 'ಕೋಟಿಗೊಬ್ಬ' ಆಯಿತು. ಸಂಗೀತ ಅಲ್ಲಿಯೂ ದೇವಾ, ಇಲ್ಲಿಯೂ ದೇವಾ. ಬದಲಾದದ್ದು ನಾಯಕ, ವಿಷ್ಣುವರ್ಧನ್. ಅವರ ಬಗ್ಗೆ ನಮ್ಮ ನೆನಪೇನು? ಒಂದು ತುದಿಯಲ್ಲಿ 1972ರ 'ನಾಗರಹಾವು' ಚಿತ್ರದ ರಾಮಾಚಾರಿ, ಮೂಗಿನ ತುದಿಯಲ್ಲೇ ಸಿಟ್ಟು. ಇನ್ನೊಂದು ತುದಿಯಲ್ಲಿ 'ಸುಪ್ರಭಾತ', 'ಯಜಮಾನ' ಚಿತ್ರಗಳ ಮೆಲುಮಾತಿನ ಮನುಷ್ಯ. 'ಯಜಮಾನ' ಬಂದು ಒಂದೇ ವರ್ಷವಾಗಿತ್ತು. ತಮ್ಮಂದಿರಿಗಾಗಿ ಎಲ್ಲವನ್ನೂ ನುಂಗಿಕೊಂಡ ಅಣ್ಣನಾಗಿ ಕರ್ನಾಟಕದ ಮನೆಮನೆಯ ಹೆಂಗಸರೂ ಮಕ್ಕಳೂ ಅವರನ್ನು ನೋಡಿ ಕಣ್ಣೀರು ಹಾಕಿದ್ದರು.

ಆದ್ದರಿಂದ ಎರಡು ಚಿತ್ರಗಳ ಮೊದಲರ್ಧವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಮಗೆ ಕಾಣುವುದು ಇದು. ರಜನಿಯವರಲ್ಲಿ ತಾಳ್ಮೆ ಒಂದು ವೇಷ, ಅದು ಕಳಚುವುದನ್ನೇ ನಾವು ಕಾಯುತ್ತೇವೆ. ವಿಷ್ಣು ಅವರಲ್ಲಿ ತಾಳ್ಮೆ ನಿಜವಾದ ಗುಣವೇ ಎಂದು ನಂಬುತ್ತೇವೆ. ಅದು ಮುರಿದು ಬೀಳುವಾಗ ಸಿಳ್ಳೆಯ ಜೊತೆಗೆ ಸ್ವಲ್ಪ ಸಂಕಟವೂ ಆಗುತ್ತದೆ. ಸಿಳ್ಳೆ ಯಾರಿಗೆ ಹೆಚ್ಚು ಬಿತ್ತು ಎಂದು ಲೆಕ್ಕ ಹಾಕಿದರೆ ತಮಿಳಿನ ಬಾಷಾನೇ ಮುಂದು, ಅದನ್ನು ಒಪ್ಪಿಕೊಳ್ಳಲು ನಮಗೆ ಬೇಸರವಿಲ್ಲ. ಆದರೆ ವಿಷ್ಣು ಅದೇ ಪಾತ್ರದಲ್ಲಿ ಇನ್ನೊಬ್ಬ ಮನುಷ್ಯನನ್ನು ತೋರಿಸಿದರು.

ಇವರಿಬ್ಬರೂ ಪರಸ್ಪರ ಅಪರಿಚಿತರೇನಲ್ಲ. 1977ರಲ್ಲಿ 'ಸಹೋದರರ ಸವಾಲ್', 'ಗಲಾಟೆ ಸಂಸಾರ' ಎಂಬ ಕನ್ನಡ ಚಿತ್ರಗಳಲ್ಲಿ, 1986ರಲ್ಲಿ ತಮಿಳಿನ 'ವಿಡುದಲೈ' ಚಿತ್ರದಲ್ಲಿ ಒಟ್ಟಿಗೆ ನಟಿಸಿದವರು. ಕೊಡು–ಕೊಳ್ಳುವಿಕೆಯೂ ಒಂದೇ ಕಡೆಯದಲ್ಲ. ಪಿ. ವಾಸು 2004ರಲ್ಲಿ ವಿಷ್ಣು ಅವರಿಗಾಗಿ ಮಾಡಿದ 'ಆಪ್ತಮಿತ್ರ' ನೋಡಿಯೇ 2005ರ 'ಚಂದ್ರಮುಖಿ' ಹುಟ್ಟಿತು, ವಿಷ್ಣು ಮಾಡಿದ್ದ ವೈದ್ಯನ ಪಾತ್ರಕ್ಕೆ ರಜನಿ ಬಂದರು. ಆ ಚಿತ್ರದ ರಾಜನ ದೃಶ್ಯದಲ್ಲಿ ವಿಷ್ಣು "ಹೌಲಾ ಹೌಲಾ" ಅಂದರು, ರಜನಿ "ಲಕ ಲಕ ಲಕ" ಅಂದರು. ಎರಡಕ್ಕೂ ಯಾವ ನಿಘಂಟಿನಲ್ಲೂ ಅರ್ಥವಿಲ್ಲ. ಆದರೂ ಒಬ್ಬರದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿಸಿಕೊಳ್ಳಲು ನಮ್ಮ ಕಿವಿ ಒಪ್ಪುವುದಿಲ್ಲ. ನಟನ ಧ್ವನಿ ಪಾತ್ರಕ್ಕೆ ಎಷ್ಟು ಅಂಟಿಕೊಂಡಿರುತ್ತದೆ ಎಂಬುದಕ್ಕೆ ಇದೇ ಸಾಕು.

ಶಂಕರ್ ನಾಗ್ ಬಾಷಾ ಆಗಿದ್ದರೆ?

ನೋಡಿದ್ದನ್ನು ಬಿಟ್ಟು ಈಗ ಊಹೆಗೆ ಇಳಿಯೋಣ. ನಮ್ಮ ಕಡೆಯ ಆಟೋಗಳ ಮೇಲೆ ರಜನಿಕಾಂತ್ ಚಿತ್ರ ಸಾಮಾನ್ಯ. ಅತ್ತಿಬೆಲೆ ದಾಟಿದರೆ ಆಟೋಗಳ ಹಿಂದೆ ಕಾಣುವುದು ಶಂಕರ್ ನಾಗ್. 1980ರ 'ಆಟೋ ರಾಜ' ಚಿತ್ರದ ಬಳಿಕ ಕರ್ನಾಟಕದ ಆಟೋ ಚಾಲಕರು ಅವರನ್ನು ತಮ್ಮವರೆಂದು ಇಟ್ಟುಕೊಂಡಿದ್ದಾರೆ. ಅವರು ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು, ಬಾಷಾ ಬರುವ ನಾಲ್ಕು ವರ್ಷಕ್ಕೂ ಮೊದಲು. ಅವರು ಬದುಕಿದ್ದು, ಬಾಷಾ ಕತೆ ಆಗಲೇ ಕನ್ನಡಕ್ಕೆ ಬಂದಿದ್ದರೆ?

ಖಾಕಿ ಅಂಗಿಯ ಮಟ್ಟಿಗೆ ಪ್ರಶ್ನೆಯೇ ಇಲ್ಲ, ಕನ್ನಡದಲ್ಲಿ ಆ ಅಂಗಿ ಅವರದೇ. ತೊಡಕು ಇರುವುದು ಮೊದಲರ್ಧದಲ್ಲಿ. ಶಂಕರ್ ನಾಗ್ ಅವರ ನಡಿಗೆ, ಮಾತು, ಹೊಡೆತ ಎಲ್ಲದರಲ್ಲೂ ಆತುರ. 'ಆಟೋ ರಾಜ'ನಾಗಲಿ, 1988ರ 'ಸಾಂಗ್ಲಿಯಾನ'ನಾಗಲಿ ತಪ್ಪು ಕಂಡ ಕೂಡಲೇ ನುಗ್ಗುವವರು. ಅವರನ್ನು ಕಂಬಕ್ಕೆ ಕಟ್ಟಿ ಹೊಡೆಸಿದರೆ ಗಾಂಧಿನಗರದ ಪ್ರೇಕ್ಷಕರು ಒಂದು ನಿಮಿಷ ಸಹಿಸಬಹುದು, ಒಂದು ಗಂಟೆ ಸಹಿಸಲಾರರು. ರಜನಿಯವರ ಹಾಗೆ ನಿಧಾನಕ್ಕೆ ತಿರುಗಿ ನೋಡುವುದು ಅವರ ಶೈಲಿಯಲ್ಲ.

ಹಾಗಾಗಿ ಕತೆಗಾರರು ಬೇರೆ ದಾರಿ ಹುಡುಕಬೇಕಾಗುತ್ತಿತ್ತು. ಬಹುಶಃ ಅವರ ಮಾಣಿಕ್ಕಂ ಸುಮ್ಮನೆ ಪೆಟ್ಟು ತಿನ್ನುವವನಾಗುವ ಬದಲು, ಮಾತಿನಲ್ಲಿ ತಮಾಷೆ ಮಾಡಿ ಜಗಳ ತಪ್ಪಿಸಿಕೊಳ್ಳುವವನು, ಓಡಿಹೋಗುವವನು ಆಗುತ್ತಿದ್ದ. ನಗಿಸುವ ಆಟೋದವನ ಹಿಂದೆ ಒಬ್ಬ ಡಾನ್ ಇದ್ದಾನೆ ಎಂದು ತಿಳಿಯುವಾಗ ಆಗುವ ಆಘಾತ ಬೇರೆ ಬಗೆಯದು. ಅದು ಬಾಷಾಗಿಂತ ಕಡಿಮೆ ಗಂಭೀರ, ಹೆಚ್ಚು ಚುರುಕಾದ ಚಿತ್ರವಾಗುತ್ತಿತ್ತು ಎಂದು ನಮ್ಮ ಲೆಕ್ಕ. ಒಪ್ಪದವರು ಬರೆದು ಕಳಿಸಿ, ಖಂಡಿತ ಓದುತ್ತೇವೆ.

'ಓಂ': ಪಾತ್ರವೇ ನಟನನ್ನು ಬದಲಿಸಿದಾಗ

ನೆನಪು ನಟನನ್ನು ಕಟ್ಟಿಹಾಕುತ್ತದೆ ಎಂದರೆ ಹೊಸದೇನೂ ಹುಟ್ಟುವುದೇ ಇಲ್ಲವೇ? ಹುಟ್ಟುತ್ತದೆ. ಬಾಷಾ ಬಂದ ವರ್ಷವೇ, 1995ರಲ್ಲಿ, ಉಪೇಂದ್ರ ನಿರ್ದೇಶನದ 'ಓಂ' ಬಂತು. ನಾಯಕ ಶಿವರಾಜಕುಮಾರ್. 'ಆನಂದ್', 'ರಥಸಪ್ತಮಿ', 'ಮನಮೆಚ್ಚಿದ ಹುಡುಗಿ' ಚಿತ್ರಗಳಿಂದ ಬಂದ ಲವಲವಿಕೆಯ ಹುಡುಗ ಎಂಬುದು ಅವರ ಬಗ್ಗೆ ಇದ್ದ ನೆನಪು. ಆ ಹುಡುಗನನ್ನು ಪುರೋಹಿತರ ಮಗನಾಗಿ ತೋರಿಸಿ, ಆಮೇಲೆ ಕೈಗೆ ಲಾಂಗು ಕೊಟ್ಟರು. ಸುತ್ತ ಬೆಂಗಳೂರಿನ ನಿಜವಾದ ರೌಡಿಗಳನ್ನೇ ನಿಲ್ಲಿಸಿದರು. ಇವನ ಕೈಯಲ್ಲಿ ಇದು ಇರಬಾರದಿತ್ತು ಎಂದು ನೋಡುವವರಿಗೆ ಅನಿಸಬೇಕು, ಅದೇ ಕತೆಯ ಜೀವ.

ಉಪೇಂದ್ರ ಅವರೇ 1997ರಲ್ಲಿ ರಾಜಶೇಖರ್ ಅವರನ್ನು ಹಾಕಿಕೊಂಡು ತೆಲುಗಿನಲ್ಲಿ 'ಓಂಕಾರಂ' ಮಾಡಿದರು. 1999ರಲ್ಲಿ ಹಿಂದಿಯಲ್ಲಿ ಸನ್ನಿ ಡಿಯೋಲ್ 'ಅರ್ಜುನ್ ಪಂಡಿತ್' ಆದರು. ಸನ್ನಿ ಅವರು 'ಘಾಯಲ್', 'ಘಾತಕ್' ಚಿತ್ರಗಳಿಂದ ಮುಷ್ಟಿಗೇ ಹೆಸರಾದವರು. ಸಾಧುವಾಗಿದ್ದವನು ಕೈ ಎತ್ತಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ, "ಇಷ್ಟು ಹೊತ್ತು ಏಕೆ ಸುಮ್ಮನಿದ್ದರು?" ಎಂದಷ್ಟೇ ಅನಿಸಿತು. ಕನ್ನಡದ 'ಓಂ' ಮಾತ್ರ ಇಂದಿಗೂ ಮರುಬಿಡುಗಡೆಯಾಗುತ್ತಲೇ ಇದೆ. ಬಾಷಾ ಪಾತ್ರ ನೆನಪನ್ನು ಬಳಸಿಕೊಂಡು ಗೆದ್ದಿತು, ಓಂ ಪಾತ್ರ ನೆನಪನ್ನು ಮುರಿದು ಗೆದ್ದಿತು.

ಇತ್ತೀಚಿನ ಉದಾಹರಣೆ ಬೇಕೆಂದರೆ 2022ರ 'ಕಾಂತಾರ'. ಶಿವನ ಪಾತ್ರಕ್ಕೆ ತಾವು ಮೊದಲು ಯೋಚಿಸಿದ್ದು ಪುನೀತ್ ರಾಜಕುಮಾರ್ ಅವರನ್ನು ಎಂದು ರಿಷಭ್ ಶೆಟ್ಟಿ ಅವರೇ ಹೇಳಿದ್ದಾರೆ. ಪುನೀತ್ ಅವರಿಗೆ ಸಮಯ ಹೊಂದಲಿಲ್ಲ, ತಮಗಾಗಿ ಕಾಯದೆ ಮಾಡಿ ಎಂದರು. 2021ರ ಅಕ್ಟೋಬರ್ 29ರಂದು ಅವರನ್ನು ನಾವು ಕಳೆದುಕೊಂಡೆವು. ಅಪ್ಪು ಮಾಡಿದ್ದರೆ ಹೊಡೆದಾಟ, ಕುಣಿತ ಎರಡೂ ಕಣ್ಣಿಗೆ ಹಬ್ಬವಾಗುತ್ತಿತ್ತು, ಅನುಮಾನವಿಲ್ಲ. ಆದರೆ ರಿಷಭ್ ತಮ್ಮದೇ ಊರಾದ ಕುಂದಾಪುರ ಕಡೆಯ ಕೆರಾಡಿಯಲ್ಲಿ, ಅಲ್ಲಿಯ ಕನ್ನಡವನ್ನೇ ಮಾತಾಡುತ್ತಾ ನಿಂತಾಗ ಪಾತ್ರಕ್ಕೆ ಮಣ್ಣಿನ ವಾಸನೆ ತಾನಾಗಿ ಬಂತು. ನಟನ ಜೊತೆ ಅವನ ಊರಿನ ಮಾತೂ ಪಾತ್ರಕ್ಕೆ ಸೇರುತ್ತದೆ.

ಡಬ್ಬಿಂಗ್ ಬಂದ ಮೇಲೆ

ಇದೆಲ್ಲ ಹಳೆಯ ಸಿನಿಮಾ ಮಾತು, ಈಗೇಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ. ಕನ್ನಡದಲ್ಲಿ ಇಷ್ಟೊಂದು ರಿಮೇಕ್ ಆಗಲು ಒಂದು ಹಿನ್ನೆಲೆ ಇತ್ತು. 1960ರ ದಶಕದ ಡಬ್ಬಿಂಗ್ ವಿರೋಧಿ ಹೋರಾಟದ ನಂತರ ಕನ್ನಡಕ್ಕೆ ಬೇರೆ ಭಾಷೆಯ ಚಿತ್ರಗಳನ್ನು ಡಬ್ ಮಾಡುವುದು ನಿಂತುಹೋಗಿತ್ತು. ಕಾನೂನಿನ ನಿಷೇಧ ಇರಲಿಲ್ಲ, ಚಿತ್ರರಂಗದ ಕಟ್ಟುಪಾಡು ಅದು. ಆದ್ದರಿಂದ ಬಾಷಾ ಕನ್ನಡದಲ್ಲಿ ಬೇಕೆಂದರೆ ಒಬ್ಬ ಕನ್ನಡ ನಟನನ್ನು ಹುಡುಕಲೇಬೇಕಿತ್ತು. "ಬೇರೆಯವರು ಮಾಡಿದರೆ ಹೇಗೆ?" ಎಂಬುದು ಆಗ ನಿರ್ಮಾಪಕರ ದಿನನಿತ್ಯದ ಪ್ರಶ್ನೆ.

2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆಯುವುದು ಸ್ಪರ್ಧೆಯ ನಿಯಮಕ್ಕೆ ವಿರುದ್ಧ ಎಂದು ಆದೇಶಿಸಿ ಸಂಬಂಧಪಟ್ಟ ಸಂಘಟನೆಗಳಿಗೆ ದಂಡ ಹಾಕಿತು. 2017ರಲ್ಲಿ ಅಜಿತ್ ಅವರ 'ಎನ್ನೈ ಅರಿಂದಾಲ್' ಕನ್ನಡದಲ್ಲಿ 'ಸತ್ಯದೇವ್ ಐಪಿಎಸ್' ಎಂದು ಬಂತು. ಈಗ ದೊಡ್ಡ ಸಾಹಸ ಚಿತ್ರಗಳೆಲ್ಲ ಒಂದೇ ದಿನ ಐದು ಭಾಷೆಯಲ್ಲಿ ತೆರೆಗೆ ಬರುತ್ತವೆ. 2018ರ 'ಕೆ.ಜಿ.ಎಫ್.' ನಮ್ಮ ಪಕ್ಕದ ಚಿನ್ನದ ಗಣಿಯ ಹೆಸರು ಹೊತ್ತು ದೇಶವೆಲ್ಲ ಸುತ್ತಿತು, ಎಲ್ಲ ಭಾಷೆಯಲ್ಲೂ ರಾಕಿ ಯಶ್ ಅವರೇ.

ಇದರಲ್ಲಿ ಲಾಭ ಇದೆ. ಕನ್ನಡದ ನಟನ ಮುಖ ಕೃಷ್ಣಗಿರಿಯ ಗೋಡೆಗಳ ಮೇಲೆ ರಜನಿ, ವಿಜಯ್ ಅವರ ಪಕ್ಕದಲ್ಲಿ ನಿಂತಿತು. ತಮಿಳು ಬಲ್ಲ ನೆರೆಯವರು "ನಿಮ್ಮ ಹೀರೋ ಚೆನ್ನಾಗಿದ್ದಾರೆ" ಎಂದು ನಮಗೆ ಹೇಳುವಂತಾಯಿತು. ಕನ್ನಡ ಮಾತ್ರ ಬಲ್ಲ ಹಿರಿಯರು ಬೇರೆ ಭಾಷೆಯ ಚಿತ್ರಗಳನ್ನು ತಮ್ಮ ನುಡಿಯಲ್ಲಿ ನೋಡುವಂತಾದದ್ದೂ ಸಣ್ಣ ಮಾತಲ್ಲ.

ನಷ್ಟವೂ ಇದೆ. ಮುಂದಿನ ಬಾಷಾಗೆ ಒಬ್ಬ ಕೋಟಿಗೊಬ್ಬ ಹುಟ್ಟುವ ಸಂಭವ ಕಡಿಮೆ. ಡಬ್ಬಿಂಗ್‌ನಲ್ಲಿ ಮಾತು ಮಾತ್ರ ಬದಲಾಗುತ್ತದೆ. ಊರು, ಹಬ್ಬ, ನಡಿಗೆ, ನಟನ ಹಿಂದಿನ ನೆನಪು ಯಾವುದೂ ಬದಲಾಗುವುದಿಲ್ಲ. ಇನ್ನೊಂದು ಸಂಗತಿ ನಮ್ಮ ಮನೆಗಳಿಗೇ ಸೇರಿದ್ದು. ಕನ್ನಡದ ಚಿತ್ರವನ್ನೇ ತಮಿಳಿನಲ್ಲಿ ನೋಡಿ, ಅದರ ಸಂಭಾಷಣೆಯನ್ನು ತಮಿಳಿನಲ್ಲೇ ಹೇಳುವ ಮಕ್ಕಳು ನಮ್ಮ ನಡುವೆ ಇದ್ದಾರೆ. ಅದು ಮಕ್ಕಳ ತಪ್ಪಲ್ಲ. ಊರಿನ ಥಿಯೇಟರಿನಲ್ಲಿ ಸಿಕ್ಕಿದ್ದನ್ನು, ಮೊಬೈಲಿನಲ್ಲಿ ಮೊದಲು ಬಂದದ್ದನ್ನು ನೋಡುತ್ತಾರೆ. ಆದರೆ ರಾಕಿಯ ಕನ್ನಡ, ಶಿವನ ಕುಂದಾಪುರದ ಕನ್ನಡ ಅವರ ಕಿವಿಗೆ ಬೀಳದೆ ಹೋದರೆ ಪಾತ್ರದ ಅರ್ಧವೇ ಅವರಿಗೆ ಸಿಕ್ಕಂತೆ.

ಇದಕ್ಕೆ ಹೋರಾಟ ಬೇಕಿಲ್ಲ, ಸಣ್ಣ ಅಭ್ಯಾಸ ಸಾಕು. ಮನೆಯಲ್ಲಿ ಸಿನಿಮಾ ಹಾಕುವಾಗ ಭಾಷೆಯ ಪಟ್ಟಿ ತೆರೆದು ಕನ್ನಡ ಆರಿಸಿ. ತಮಿಳಿನಲ್ಲಿ ನೋಡಿದ್ದರೆ ಇನ್ನೊಮ್ಮೆ ಕನ್ನಡದಲ್ಲಿ ನೋಡಿ, ಯಾವ ಮಾತು ಎಲ್ಲಿ ಬೇರೆಯಾಯಿತು ಎಂದು ಮಕ್ಕಳನ್ನೇ ಕೇಳಿ. ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳಿಗೆ ಮಾತ್ರ ಈ ಆಟ ಸಾಧ್ಯ, ಬೆಂಗಳೂರಿನ ಅಥವಾ ಚೆನ್ನೈನ ಬಹುತೇಕ ಮಕ್ಕಳಿಗೆ ಸಾಧ್ಯವಿಲ್ಲ. ಇದನ್ನು ಅವರು ಹೆಮ್ಮೆ ಎಂದು ತಿಳಿಯಲಿ.

ನೀವೂ ಆಡಿ ನೋಡಿ

ಮುಂದಿನ ಮಾಸಿಕ ಸಭೆಯಲ್ಲಿ ಹಿರಿಯರು, ಕಿರಿಯರು ಜೊತೆಗೂಡಿ ಈ ಆಟ ಆಡೋಣ ಎಂದು ಯೋಚಿಸಿದ್ದೇವೆ. ಒಂದು ಪ್ರಸಿದ್ಧ ಸಾಹಸ ಪಾತ್ರ ಆರಿಸಿಕೊಳ್ಳಿ, ಅದಕ್ಕೆ ಬೇರೆ ನಟರನ್ನು ಹಾಕಿ, ಈ ನಾಲ್ಕು ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಹೇಳಿ.

1. ಈ ನಟರನ್ನು ಕಂಡೊಡನೆ ಪ್ರೇಕ್ಷಕರಿಗೆ ಅವರ ಯಾವ ಹಳೆಯ ಪಾತ್ರ ನೆನಪಾಗುತ್ತದೆ? ಅದು ಈ ಪಾತ್ರಕ್ಕೆ ನೆರವೋ, ತೊಡಕೋ?

2. ಪಾತ್ರ ಏನನ್ನು ಮುಚ್ಚಿಡುತ್ತದೆ? ಈ ಮುಖ ಅದನ್ನು ಮುಚ್ಚಿಡಬಲ್ಲುದೇ?

3. ಪಾತ್ರದ ಮಾತು ಯಾವ ಊರಿನದು? ಈ ನಟರ ನಾಲಿಗೆಯಲ್ಲಿ ಅದು ಹೊರಳುತ್ತದೆಯೇ?

4. ಇವರನ್ನು ಹಾಕಿಕೊಂಡರೆ ಕತೆಯಲ್ಲಿ ಏನನ್ನು ಬದಲಿಸಬೇಕಾಗುತ್ತದೆ?

ನಾಲ್ಕನೆಯದೇ ಮುಖ್ಯ. "ಇವರು ಚೆನ್ನಾಗಿರುತ್ತಿದ್ದರು, ಅವರು ಚೆನ್ನಾಗಿರುತ್ತಿರಲಿಲ್ಲ" ಎಂದು ನಿಂತರೆ ಅದು ಅಭಿಮಾನಿಗಳ ಜಗಳ. ಕತೆ ಹೇಗೆ ಬದಲಾಗುತ್ತಿತ್ತು ಎಂದು ಹೇಳಲು ಹೊರಟರೆ ಸಿನಿಮಾ ಹೇಗೆ ಕೆಲಸ ಮಾಡುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಬೇಕಾದರೆ ಒಂದು ಪಾತ್ರವನ್ನು ನಾವೇ ಕೊಡುತ್ತೇವೆ: 1973ರ 'ಗಂಧದ ಗುಡಿ'ಯ ಅರಣ್ಯಾಧಿಕಾರಿ. ಅಣ್ಣಾವ್ರು ಮಾಡಿದ ಈ ಪಾತ್ರವನ್ನು 1979ರ 'ಕರ್ತವ್ಯ' ಚಿತ್ರದಲ್ಲಿ ಧರ್ಮೇಂದ್ರ ಮಾಡಿದ್ದಾರೆ. ಇಂದು ಅಂಚೆಟ್ಟಿ, ಡೆಂಕಣಿಕೋಟೆಯ ಕಾಡಿನಲ್ಲಿ, ನಮ್ಮ ಕಡೆಯ ಕನ್ನಡ ಮಾತಾಡುವ ಅರಣ್ಯಾಧಿಕಾರಿಯ ಕತೆ ಎಂದು ಅದನ್ನು ಮತ್ತೆ ತೆಗೆದರೆ ಯಾರನ್ನು ಹಾಕಿಕೊಳ್ಳುತ್ತೀರಿ? ಹೆಸರಿನ ಜೊತೆಗೆ ಕಾರಣವನ್ನೂ ಬರೆದು ತನ್ನಿ. ಮಕ್ಕಳು ಬರೆದದ್ದನ್ನು ಮೊದಲು ಓದಿಸುತ್ತೇವೆ.